ಕುರುಗೋಡಿನ ಬಾವಿಯಲ್ಲಿ ಮ್ಯಾಗ್ಮಾ

ನನ್ನ ತಂಗಿಯ ಮಗಳು ಹೆಲ್ಮೆಟ್ ಹಾಕಿಕೊಂಡು, ಕ್ರೇನಿನ ಬಕೆಟ್‌ನಲ್ಲಿ ನಿಂತು ಬಾವಿಗೆ ಇಳಿಯುತ್ತಿದ್ದಳು. ನಾನು ದಂಡೆಯ ಮೇಲೆ ಹೊಟ್ಟೆ ಊರಿ ಮಲಗಿ ಕೆಳಗೆ ನೋಡುತ್ತಿದ್ದೆ. ಕೈಯಲ್ಲಿ ಅವಳ ಕನ್ನಡಕದ ಡಬ್ಬಿ. (ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಖಾಲಿ ಡಬ್ಬಿಯನ್ನು ನಾನೇಕೆ ಅಷ್ಟು ಬಿಗಿಯಾಗಿ ಹಿಡಿದಿದ್ದೆನೋ!)

ಅವಳ ಹೆಸರು ಶಿವಲೀಲಾ. ನಮಗೆಲ್ಲ ಲೀಲಾ. ಹುಟ್ಟಿದ್ದು ಸಿರುಗುಪ್ಪದಲ್ಲಿ. ಈಗ ದೂರದ ಊರಿನ ಲ್ಯಾಬ್ ಒಂದರಲ್ಲಿ ವಿಜ್ಞಾನಿ. ಕೆಲಸ? ಕಲ್ಲು ಕರಗಿಸುವುದು.

ಹಾಗಂತ ಬಳ್ಳಾರಿಯಲ್ಲಿ ಹೇಳಿ ನೋಡಿ. ‘ಯಾವ ಮೈನ್ಸ್‌ನಾಗ?’ ಎಂದು ಕೇಳುತ್ತಾರೆ. ಹೋದ ತಿಂಗಳು ಮನೆಯ ಮದುವೆಗೆಂದು ಬಂದಾಗ ಹತ್ತು ಜನ ಹೀಗೇ ಕೇಳಿರಬೇಕು. ಅವಳು ಬೇಸರವಿಲ್ಲದೆ ಎಲ್ಲರಿಗೂ ವಿವರಿಸಿದಳು. ಭೂಮಿಯ ಒಳಗೆ ಕಲ್ಲು ಕರಗಿ ಪಾಕವಾಗಿರುತ್ತದೆ. ಅದು ಮ್ಯಾಗ್ಮಾ. ಮೇಲಕ್ಕೆ ಉಕ್ಕಿದರೆ ಜ್ವಾಲಾಮುಖಿ. ಆ ಪಾಕ ತೆಳುವಾಗಿದ್ದರೆ ಒಳಗಿನ ಗ್ಯಾಸ್ ಸಲೀಸಾಗಿ ಹೊರಬಿದ್ದು ಸುಮ್ಮನೆ ಹರಿಯುತ್ತದೆ. ಮಂದವಾಗಿದ್ದರೆ ಗ್ಯಾಸ್ ಸಿಕ್ಕಿಕೊಂಡು ಬೆಟ್ಟವೇ ಸಿಡಿಯುತ್ತದೆ. ಹಾಗಾದರೆ ಪಾಕ ಎಷ್ಟು ಮಂದ? ಅದನ್ನು ಅಳೆಯುವುದೇ ಲೀಲಾಳ ಕೆಲಸ. ಕಲ್ಲನ್ನು ಪುಡಿ ಮಾಡಿ, ಕುಲುಮೆಯಲ್ಲಿ ಕರಗಿಸಿ, ಅದರೊಳಗೆ ಒಂದು ಕಡ್ಡಿ ತಿರುಗಿಸುತ್ತಾಳೆ. ಕಡ್ಡಿ ತಿರುಗಲು ಎಷ್ಟು ಕಷ್ಟಪಡುತ್ತದೆ ಎಂಬುದೇ ಲೆಕ್ಕ.

‘ಸಕ್ಕರಿ ಪಾಕದ ಎಳಿ ನೋಡಿದಂಗ’ ಎಂದಳು ನನ್ನ ತಂಗಿ. ಮಗಳು ಒಪ್ಪಿಕೊಂಡಳು.

ಸರಿ, ಬಳ್ಳಾರಿಯಲ್ಲಿ ಜ್ವಾಲಾಮುಖಿ ಎಲ್ಲಿಂದ ಬಂತು? ಬೇಸಿಗೆಯ ಮಧ್ಯಾಹ್ನ ಇದೆ ಅನ್ನಿಸುವುದು ಬೇರೆ ಮಾತು. ಆದರೆ ನಮ್ಮ ಗುಡ್ಡಗಳನ್ನು ಒಮ್ಮೆ ಸರಿಯಾಗಿ ನೋಡಿ. ತಿಳಿಬಣ್ಣದ ಬಂಡೆಗಳ ನಡುವೆ ಅಲ್ಲಲ್ಲಿ ಸೀರೆಯ ಅಂಚಿನಂತೆ ಒಂದು ಕಪ್ಪು ಪಟ್ಟಿ ಓಡುತ್ತದೆ. ಅದು ನೂರಾರು ಕೋಟಿ ವರ್ಷಗಳ ಹಿಂದೆ ಬಂಡೆಯ ಬಿರುಕಿಗೆ ನುಗ್ಗಿ, ಅಲ್ಲೇ ಹೆಪ್ಪುಗಟ್ಟಿದ ಮ್ಯಾಗ್ಮಾ! ನಾನು ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ಓಡಾಡಿದವನು. ಯಾರಾದರೂ ಹೇಳಬಾರದಿತ್ತೇ?

ಲೀಲಾಳಿಗೆ ಬೇಕಾಗಿದ್ದು ಆ ಪಟ್ಟಿಯ ಅಂಚು. ಬಿಸಿ ಪಾಕ ತಣ್ಣನೆಯ ಬಂಡೆಗೆ ತಾಗಿ ತಟಕ್ಕನೆ ಗಟ್ಟಿಯಾದ ಜಾಗ. ಮೂಲ ಪಾಕದಲ್ಲಿ ಏನೇನಿತ್ತು ಎಂಬುದು ಅಲ್ಲಿ ಹೆಚ್ಚು ಕೆಡದೆ ಉಳಿದಿರುತ್ತದಂತೆ. ಆದರೆ ಗುಡ್ಡದ ಮೇಲಿನ ಕಲ್ಲೆಲ್ಲ ಬಿಸಿಲು ಮಳೆಗೆ ಹಾಳಾಗಿತ್ತು. ಅಂಥದ್ದನ್ನು ಒಯ್ದು ಕರಗಿಸಿದಾಗಲೆಲ್ಲ ಒಮ್ಮೆ ಬಂದ ಉತ್ತರ ಇನ್ನೊಮ್ಮೆ ಬರುತ್ತಿರಲಿಲ್ಲ. ಈ ಸಲವೂ ಒಳ್ಳೆಯ ಕಲ್ಲು ಸಿಗದಿದ್ದರೆ ನಮ್ಮೂರಿನ ಕಲ್ಲನ್ನೇ ಕೈಬಿಡಬೇಕೆಂದು ಲ್ಯಾಬಿನ ಹಿರಿಯರು ಹೇಳಿ ಕಳಿಸಿದ್ದರು. ಮದುವೆ ಮುಗಿಸಿ ದಿನವೆಲ್ಲ ಗುಡ್ಡ ಸುತ್ತಿದೆವು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೊಂಡ ಹೊಸ ಉಳಿ ಸಂಜೆಯ ಹೊತ್ತಿಗೆ ಮೊಂಡಾಯಿತು. ಲೀಲಾಳ ಮುಖ ಸಪ್ಪೆಯಾಯಿತು. ಮರುದಿನ ರಾತ್ರಿ ಅವಳ ರೈಲು.

ಆಗ ನನಗೆ ನೆನಪಾದವನು ಕುರುಗೋಡಿನ ಗಾದಿಲಿಂಗಪ್ಪ, ನನ್ನ ಕಾಲೇಜಿನ ಗೆಳೆಯ. ಹೊಲದಲ್ಲಿ ಬಾವಿ ತೋಡಿಸುತ್ತಿದ್ದ. ಕರಿ ಕಲ್ಲು ಅಡ್ಡ ಬಂದಿದೆ ಎಂದು ಹದಿನೈದು ದಿನದಿಂದ ಫೋನಿನಲ್ಲಿ ಗೊಣಗುತ್ತಿದ್ದ. ಕರಿ ಕಲ್ಲು! ತಕ್ಷಣ ಫೋನ್ ಮಾಡಿದೆ. ಅವನು ಖುಷಿಯಲ್ಲಿ ತೇಲುತ್ತಿದ್ದ. ಅಂದೇ ಸಂಜೆ ಬಾವಿಯಲ್ಲಿ ನೀರು ಬಿದ್ದಿತ್ತು. ಪಂಪ್ ಹಚ್ಚಿ ಕೆಸರು ತೆಗೆಯುತ್ತಿದ್ದಾರೆ, ಬೆಳಿಗ್ಗೆ ಗಂಗಾಪೂಜೆ, ಆಮೇಲೆ ಬಾವಿ ತುಂಬಲು ಬಿಡುತ್ತೇವೆ ಎಂದ.

ತುಂಬಿದರೆ ಮುಗಿಯಿತು. ಕಲ್ಲಿನ ಅಂಚು ನೀರಿನ ಅಡಿಗೆ!

ಬೆಳಿಗ್ಗೆ ನಾವು ಹೊಲ ಮುಟ್ಟುವಾಗ ಪೂಜೆ ಮುಗಿದಿತ್ತು. ಪಂಪ್ ಇನ್ನೂ ಓಡುತ್ತಿತ್ತು. ಲೀಲಾ ಕೆಳಗೆ ಬಗ್ಗಿ ನೋಡಿದವಳು ನನ್ನ ತೋಳು ಹಿಡಿದುಕೊಂಡಳು. ತಿಳಿಬಣ್ಣದ ಬಂಡೆ, ಅದಕ್ಕೆ ಅಂಟಿಕೊಂಡು ಕಪ್ಪು ಬಂಡೆ, ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ. ಅವಳನ್ನು ಇಳಿಸಲು ಗಾದಿಲಿಂಗಪ್ಪ ಒಪ್ಪಿದ. ಅವನ ತಾಯಿ ಈರಮ್ಮ ಒಪ್ಪಲಿಲ್ಲ. ಕುಂಕುಮ ಬಿದ್ದ ನೀರಿಗೆ ಉಳಿ, ಸುತ್ತಿಗೆ ಇಳಿಸುವುದೆಂದರೇನು? ಗಂಗಮ್ಮ ಮುನಿಸಿಕೊಂಡು ಹೋದರೆ? ನಾನು ಏನೇನೋ ಹೇಳಿದೆ. ಆಕೆ ನನ್ನತ್ತ ತಿರುಗಲೂ ಇಲ್ಲ.

ಲೀಲಾ ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕಪ್ಪು ಗೋಡೆಯನ್ನು ತೋರಿಸಿದಳು. ‘ಅಮ್ಮ, ಈ ಕರಿ ಕಲ್ಲು ಒಂದ್ ಕಾಲಕ್ಕ ಬೆಂಕಿ ಪಾಕ ಇತ್ರಿ. ಕೆಳಗಿಂದ ಉಕ್ಕಿ ಬಂದು ಇಲ್ಲೇ ಗಟ್ಟಿ ಆತು. ಈಗ ಇದು ನೆಲದಾಗ ಕಟ್ಟಿದ ಡ್ಯಾಮ್ ಇದ್ದಂಗ. ಮೇಲಿಂದ ಹರದು ಬರೋ ನೀರು ಇದಕ್ಕ ಬಡದು ನಿಂತೈತಿ. ನಿಮಗ ನೀರು ಸಿಕ್ಕಿದ್ದು ಇದರಿಂದನ.’

ಈರಮ್ಮ ಬಗ್ಗಿ ಬಾವಿಯೊಳಗೆ ನೋಡಿದರು.

‘ಬೆಂಕಿ ಬಂದು ನೀರು ಹಿಡದೈತಿ ಅಂತೀಯಲ್ಲ’ ಎಂದರು. ಎದ್ದು, ಪೂಜೆಯ ಅರಿಶಿನ ತಂದು ಅವಳ ಸುತ್ತಿಗೆಗೆ ಹಚ್ಚಿದರು. ‘ಹೋಗಿ ಬಾರವ್ವ. ಗ್ವಾಡಿ ಒಡೀಬ್ಯಾಡ, ಒಂದು ಚೂರು ತಗೊ.’

ಹೀಗೆ ಇಳಿದಳು ನಮ್ಮ ಹುಡುಗಿ. ಟಕ್, ಟಕ್, ಟಕ್. ಸದ್ದು ಬಾವಿ ತುಂಬ. ನನ್ನ ಎದೆಯಲ್ಲೂ ಅದೇ ಸದ್ದು. ಅಷ್ಟರಲ್ಲಿ ಏನಾಗಬೇಕಿತ್ತೋ ಅದೇ ಆಯಿತು. ಕರೆಂಟ್ ಹೋಯಿತು! ಕ್ರೇನ್ ಡೀಸೆಲ್ಲಿನದು, ಅದಕ್ಕೇನೂ ಆಗಲಿಲ್ಲ. ಆದರೆ ಪಂಪ್ ನಿಂತಿತು. ನೋಡನೋಡುತ್ತಿದ್ದಂತೆ ನೀರು ಅವಳ ಪಾದ ಮುಚ್ಚಿತು, ಮೊಣಕಾಲಿಗೆ ಬಂತು. ಮೇಲೆ ಬಾ ಎಂದು ನಾನು, ಗಾದಿಲಿಂಗಪ್ಪ ಇಬ್ಬರೂ ಕೂಗಿದೆವು. ಅವಳು ತಲೆ ಎತ್ತಲಿಲ್ಲ.

‘ಮಾಮ, ತಡಿ. ಬಿಡಾಕ ಹತ್ತೈತಿ.’

ಏನು ಬಿಡಾಕ ಹತ್ತಿತ್ತು, ಕಲ್ಲೋ, ನನ್ನ ಜೀವವೋ? ನಾನು ಕ್ರೇನಿನವನಿಗೆ ಎತ್ತು ಎಂದು ಕೈ ಮಾಡಿದ್ದೆ. ಈರಮ್ಮ ನನ್ನ ಕೈ ಹಿಡಿದು ಕೆಳಗಿಳಿಸಿದರು. ಇನ್ನೆರಡು ಪೆಟ್ಟು ಬಿದ್ದವು. ಆಮೇಲೆ ಒಂದು ನಗು ಕೇಳಿಸಿತು, ಬಾವಿಯ ತಳದಿಂದ.

ಮೇಲೆ ಬಂದವಳು ಸೊಂಟದವರೆಗೆ ಒದ್ದೆ, ಮುಖದ ತುಂಬ ಕೆಸರು. ದುಪಟ್ಟಾದಲ್ಲಿ ಅಂಗೈಯಗಲದ ಕಪ್ಪು ಕಲ್ಲು. ಒಡೆದ ಮೈ ನುಣುಪಾಗಿ, ಒಂದು ಕಲೆಯೂ ಇಲ್ಲದೆ ಇತ್ತು. ಕಾಲೇಜಿನಲ್ಲಿ ರ‍್ಯಾಂಕ್ ಬಂದ ದಿನವೂ ನಾನು ಅವಳನ್ನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ.

ಮೊನ್ನೆ ಭಾನುವಾರ ಅವಳ ಮೆಸೇಜ್ ಬಂತು: ಈರಮ್ಮನ ಮನೆಗೆ ಹೋಗು, ವಿಡಿಯೋ ಕಾಲ್ ಮಾಡುತ್ತೇನೆ. ಓಡಿದೆ. ಮನೆಮಂದಿಯೆಲ್ಲ ನನ್ನ ಫೋನಿನ ಸುತ್ತ ಕೂತೆವು. ಆ ಕಡೆ ಯಾರೋ ಉದ್ದನೆಯ ಇಕ್ಕಳದಲ್ಲಿ ಕುಲುಮೆಯಿಂದ ಪುಟ್ಟ ಬಟ್ಟಲು ತೆಗೆದು ಬಗ್ಗಿಸಿದರು. ಕುರುಗೋಡಿನ ಕಲ್ಲು ಕಿತ್ತಳೆ ಬಣ್ಣದ ಎಳೆಯಾಗಿ, ಜೇನಿನ ಹಾಗೆ ಇಳಿಯಿತು! ನನಗೆ ಮೈ ಜುಮ್ಮೆಂದಿತು.

ಎಷ್ಟು ಸಲ ಕರಗಿಸಿ ಅಳೆದರೂ ಈಗ ಒಂದೇ ಉತ್ತರ ಬರುತ್ತಿದೆಯಂತೆ. ನಮ್ಮೂರ ಕಲ್ಲು ಉಳಿಯಿತು, ಅವಳ ಕೆಲಸವೂ ಉಳಿಯಿತು. ಜ್ವಾಲಾಮುಖಿಯ ಮಾತೆಲ್ಲ ಕೇಳಿದ ಈರಮ್ಮನಿಗೆ ಮಾತ್ರ ಒಂದು ಅನುಮಾನ. ಉರಿಯುವ ಬೆಟ್ಟದ ಕೆಳಗೆ ಇರುವ ಊರಿನವರಿಗೆ ಇದರಿಂದ ಏನು ಬಂತು ಎಂದು ಕೇಳಿದರು.

‘ಪಾಕ ಹೆಂಗ ಹರಿತೈತಿ ಅಂತ ಗೊತ್ತಾದ್ರ, ಅವರಿಗೆ ಓಡಾಕ ಎಷ್ಟು ಹೊತ್ತು ಸಿಗತೈತಿ ಅಂತ ಹೇಳಾಕ ಬರತೈತಮ್ಮ’ ಎಂದಳು ಲೀಲಾ. ‘ಇನ್ನೂ ಪೂರ್ತಿ ಬರಂಗಿಲ್ಲ. ಅದಕ್ಕ ಇಷ್ಟೆಲ್ಲ.’

ಈರಮ್ಮ ತಲೆಯಾಡಿಸಿ, ಹಾಗಾದರೆ ಇನ್ನೊಂದು ಚೂರು ಬೇಕಾದರೂ ಒಯ್ಯಲಿ ಎಂದರು.

ಅಂದಹಾಗೆ, ಲೀಲಾ ಹೇಳಿದ ಇನ್ನೊಂದು ವಿಷಯ: ಅಡುಗೆಮನೆಯ ಕಟ್ಟೆಗೆ ಹಾಕುವ ಕಪ್ಪು ಗ್ರಾನೈಟ್ ಇದೆಯಲ್ಲ, ಅದು ಬಹಳಷ್ಟು ಸಲ ಇದೇ ಜಾತಿಯ ಕಲ್ಲಂತೆ. ಅದೂ ಒಮ್ಮೆ ಕೆಂಪಗೆ ಕಾದು ಹರಿದದ್ದೇ.

ಇನ್ನು ಮೇಲೆ ‘ಬಿಸಿ ಪಾತ್ರೆ ಇಡಬೇಡಿ, ಕಟ್ಟೆ ಹಾಳಾಗುತ್ತದೆ’ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?