ಮಾನಮ್ಮ ಬಿಡದ ಒಂದು ಮಾತು

ಪುಣೆಯ ಖಡಕಿಯಲ್ಲಿರುವ ನಮ್ಮ ವಸತಿ ಸೊಸೈಟಿಯಲ್ಲಿ ಮಾನಮ್ಮನ ಎದುರು ಮಾತಾಡಿ ಗೆದ್ದವರಿಲ್ಲ. ಬೀದರ್ ಕಡೆಯ ಹೆಂಗಸು, ಮದುವೆಯಾಗಿ ಪುಣೆಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಮಂದಿಯ ಮನೆಗಳಲ್ಲಿ ಚಪಾತಿ ಲಟ್ಟಿಸಿ ಒಬ್ಬನೇ ಮಗ ಅವಿನಾಶನನ್ನು ಬೆಳೆಸಿದಳು. ಅವನು ಸೈನ್ಯಕ್ಕೆ ಹೊರಟಾಗ, ಇರುವವನೊಬ್ಬನನ್ನೂ ಕಳಿಸುತ್ತೀಯಾ ಎಂದು ಎಲ್ಲರೂ ಹೌಹಾರಿದರು. ಗಡಿ ಕಾಯಲು ಬೇರೆಯವರ ಮಕ್ಕಳೇ ಆಗಬೇಕೇನು ಎಂದು ಕೇಳಿ ಅವರ ಬಾಯಿ ಮುಚ್ಚಿಸಿದಳು.

ಚರ್ಚಿನ ಕನ್ನಡ ಸಭೆಯ ಹೆಂಗಸರು ನಾವು ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಕೂಡುತ್ತೇವೆ. ಕಳೆದ ಬೇಸಿಗೆಯಲ್ಲಿ ಗಡಿಯಲ್ಲಿ ಗುಂಡು ಹಾರತೊಡಗಿದಾಗ ಮಾನಮ್ಮನ ಮನೆಯ ಸರದಿ. ಮಗನ ಫೋನು ಬಂದು ವಾರವಾಗಿತ್ತು. ಮೊಣಕಾಲೂರಿ ದೇಶಕ್ಕಾಗಿ, ಜವಾನರಿಗಾಗಿ, ಮಗನಿಗಾಗಿ ಬೇಡಿದಳು. ಆಮೇಲೆ, ಗಡಿಯ ಆ ಕಡೆಯ ಹುಡುಗರನ್ನೂ ಕಾಪಾಡು ತಂದೆ, ಅವರ ತಾಯಂದಿರಿಗೂ ನಿದ್ದೆಯಿರಲಿಕ್ಕಿಲ್ಲ ಎಂದಳು. ಬಂದಿದ್ದ ನೆರೆಮನೆಯವರಿಗೂ ತಿಳಿಯಲೆಂದು ಅದನ್ನೇ ಮರಾಠಿಯಲ್ಲೂ ಹೇಳಿದಳು. ತಿಳಿಯದೆ ಏನು, ಮರುದಿನ ಇಡೀ ಸೊಸೈಟಿಗೆ ತಿಳಿಯಿತು!

ಗುಂಡು ನಿಂತಿತು, ಅವಿನಾಶನ ಫೋನೂ ಬಂತು. ಶತ್ರುಗಳಿಗಾಗಿ ಬೇಡಿದಳೆಂಬ ಸೊಸೈಟಿಯ ಗುಸುಗುಸು ಮಾತ್ರ ನಿಲ್ಲಲಿಲ್ಲ. ಆಗಸ್ಟ್ ಹದಿನೈದಕ್ಕೆ ಸೈನಿಕನ ತಾಯಿಯಾಗಿ ಮಾನಮ್ಮನೇ ಬಾವುಟ ಏರಿಸಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಅದಕ್ಕೆಂದೇ ಇಸ್ತ್ರಿ ಮಾಡಿಸಿದ ಬಿಳಿ ಸೀರೆ ಕಪಾಟಿನ ಬಾಗಿಲಿಗೆ ತೂಗುತ್ತಿತ್ತು. ಅಷ್ಟರಲ್ಲಿ ಒಂದು ದಿನ, ನಾನು ಅವಳ ಮನೆಯಲ್ಲಿದ್ದಾಗಲೇ, ಸೊಸೈಟಿಯ ಚೇರ್ಮನ್ ಅಪ್ಪಾಸಾಹೇಬರು ಬಂದರು. ವಿಜಯಪುರದ ಕಡೆಯವರು, ಬಟ್ಟೆ ಅಂಗಡಿಯವರು. ಕೆಟ್ಟವರಲ್ಲ, ನಾಲ್ಕು ಜನ ಏನಂದಾರು ಎಂಬ ಚಿಂತೆಯಲ್ಲೇ ಅರ್ಧ ತಲೆ ಬೋಳಾದವರು.

"ಮಾನಮ್ಮ, ಆ ಕಡಿಯವ್ರ ಸಲುವಾಗಿ ಇನ್ನ ಬೇಡ್ಕೊಳ್ಳೂದಿಲ್ಲ ಅಂತ ಮಂದಿ ಮುಂದ ಒಂದ ಮಾತು ಹೇಳಿಬಿಡ್ರಿ. ಝೆಂಡಾ ನೀವ ಏರಸ್ರಿ," ಎಂದರು.

"ಸಾಹುಕಾರ್ರ, ನನ್ನ ಮಗ ಇನ್ನೂ ಅಲ್ಲೇ ಅದಾನ," ಎಂದಳು ಮಾನಮ್ಮ. "ಅವ ಮನಿಗೆ ಬರಬೇಕಂದ್ರ, ಆ ಕಡಿ ಹುಡುಗನ ಬೆರಳು ಬಂದೂಕಿನ ಕುದುರಿ ಮ್ಯಾಲಿಂದ ಇಳೀಬೇಕ್ರಿ. ಅವನ ಸಲುವಾಗಿ ನಾ ಬೇಡ್ಕೊಳ್ದ ಮತ್ಯಾರು ಬೇಡ್ಕೋಬೇಕು? ಝೆಂಡಾ ನೀವ ಏರಸ್ರಿ. ಈ ಮಾತು ನಾ ಬಿಡೂದಿಲ್ಲ."

ನಾನಾಗಿದ್ದರೆ ಅವರ ಮುಖದ ಮೇಲೆ ಬಾಗಿಲು ಹಾಕುತ್ತಿದ್ದೆ. ಅವಳು ಚಹಾ ಕುಡಿಸಿಯೇ ಕಳಿಸಿದಳು. ಅವರು ಹೋದ ಮೇಲೆ ಸೀರೆಯ ಸೆರಗು ಹಿಡಿದುಕೊಂಡು ಅತ್ತಳು. "ಭಾಳ ಆಸೆ ಇತ್ತು ಶಾಲಿನಿ," ಎಂದಳು ನನ್ನ ಕಡೆ ತಿರುಗಿ.

ಆಗಸ್ಟ್ ಹದಿನೈದರಂದು ನಾನಂತೂ ಹೋಗುವುದಿಲ್ಲವೆಂದು ಹಟ ಹಿಡಿದೆ. ಸಿಟ್ಟು ಮಂದಿಯ ಮೇಲಿದೆ, ಬಾವುಟ ಏನು ಮಾಡಿದೆ ಪಾಪ, ಎಂದು ಬೈದು ಮಾನಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅದೇ ಬಿಳಿ ಸೀರೆ ಉಟ್ಟಿದ್ದಳು. ಹಿಂದೆ ನಿಲ್ಲೋಣವೆಂದರೆ ಕೇಳಲಿಲ್ಲ, ಮುಂದಿನ ಸಾಲಿಗೇ ನಡೆದಳು. ಅಪ್ಪಾಸಾಹೇಬರು ಹಗ್ಗ ಎಳೆದರು, ಹೂವು ಉದುರಿದವು. ಎಲ್ಲರಿಗಿಂತ ಗಟ್ಟಿಯಾಗಿ ರಾಷ್ಟ್ರಗೀತೆ ಹಾಡಿದವಳು ಅವಳೇ, ಜಯಕಾರ ಕೂಗಿದವಳೂ ಅವಳೇ.

ಜನ ಜಿಲೇಬಿಯ ಕಡೆ ತಿರುಗುವಷ್ಟರಲ್ಲಿ ಮಾನಮ್ಮ ಬಾವುಟದ ಕೆಳಗೆ ಹೋಗಿ ಕೈಜೋಡಿಸಿ ನಿಂತಳು. ಗೇಟಿನವರೆಗೆ ಕೇಳುವಂತೆ ಮರಾಠಿಯಲ್ಲೇ ಪ್ರಾರ್ಥಿಸಿದಳು. ನಮ್ಮ ಹುಡುಗರನ್ನು ಕಾಪಾಡು, ಆ ಕಡೆಯವರನ್ನೂ ಕಾಪಾಡು, ಲೋಕದಲ್ಲಿ ಬಂದೂಕು ಹಿಡಿದವರನ್ನೆಲ್ಲ ಅವರವರ ತಾಯಿಯ ಮನೆಗೆ ಕಳಿಸಿಕೊಡು ಎಂದಳು.

ಅಪ್ಪಾಸಾಹೇಬರ ಮುಖ ಕೆಂಪಾಯಿತು. ಅವರ ಹೆಂಡತಿ ಭೀಮವ್ವ ಜಿಲೇಬಿ ತುಂಬಿದ ಅಗಲವಾದ ಪರಾತ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಾನು ಆಮೆನ್ ಅನ್ನುವ ಮೊದಲೇ ಅವರು ಪರಾತವನ್ನು ಗಂಡನ ಕೈಗೆ ಕೊಟ್ಟರು, ತಲೆಯ ಮೇಲೆ ಸೆರಗೆಳೆದುಕೊಂಡು ಮಾನಮ್ಮನ ಪಕ್ಕಕ್ಕೆ ಹೋಗಿ ಕೈಮುಗಿದರು.

"ಹಂಗ ಆಗ್ಲೆಪಾ, ಶಿವಾ," ಎಂದರು.