ತೇಪೆಯ ತಪ್ಪಲ್ಲ

ಹರಿಪುರದ ಘಾಟ್ ಬಿಟ್ಟು ನಮ್ಮ ಪುಟ್ಟ ಹಾಯಿದೋಣಿ ಕೃಷ್ಣೆಯ ನಡುವೆ ಬಂದಿತ್ತು. ಕಾಲ್ಬೆರಳಿಗೆ ತಣ್ಣಗೆ ಏನೋ ತಾಗಿತು. ಬಗ್ಗಿ ನೋಡಿದರೆ ನೀರು! ನೋಡನೋಡುತ್ತಿದ್ದಂತೆ ನನ್ನ ಪಾದ ಮುಳುಗಿತು.

"ಅಯ್ಯ, ಒಳಗ ನೀರು ಬರಾಕತ್ತೇತ್ರಿ!" ಎಂದು ಚೀರಿದೆ.

ನಮ್ಮ ಯಜಮಾನರು ದೋಣಿಯ ರಿಪೇರಿಗೆ ಇದುವರೆಗೆ ಯಾರನ್ನೂ ಕರೆದವರಲ್ಲ. ವಾರವಿಡೀ ಕೂತು ತಾವೇ ಹಾಕಿದ್ದ ತೇಪೆಯ ಮೇಲೆ ಎರಡೂ ಅಂಗೈ ಒತ್ತಿ ಹಿಡಿದರು. ಮುಖ ಬಿಳಿಚಿತ್ತು. "ನಾ ಹಾಕಿದ ತೇಪಿ ಬಿಟ್ಟೈತಿ. ಈ ಕೈದಾಗಿನ ಕೆಲಸ ಮುಗೀತ ನೋಡು," ಎಂದರು.

ಈಜುವ ವಯಸ್ಸು ಇಬ್ಬರದೂ ದಾಟಿತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಪ್ರೇಯರ್ ತಾನಾಗಿ ತುಟಿಗೆ ಬಂತು. ಪ್ಯಾನಿಕ್ ಆಗಿ, ತೇಪೆಗೆ ಒತ್ತಲು ಕರ್ಚೀಫಾದರೂ ಇದೆಯೇ ಎಂದು ಪರ್ಸಿನೊಳಗೆ ಕೈ ಹಾಕಿದೆ. ಸಿಕ್ಕಿದ್ದು ರಬ್ಬರ್ ಬೂಚು. ಹಿಂದಿನ ದಿನ ದೋಣಿ ತೊಳೆದಾಗ, ನೀರು ಹರಿದುಹೋಗಲೆಂದು ಹಿಂಬದಿಯ ತೂತಿನಿಂದ ಅದನ್ನು ಕಿತ್ತು, ಸೇಫ್ ಆಗಿರಲಿ ಎಂದು ಪರ್ಸಿಗೆ ಹಾಕಿಕೊಂಡವಳು ನಾನೇ! ತೂತು ತಡಕಿ ಬೂಚು ತುರುಕಿದೆ. ನೀರು ನಿಂತಿತು. ತೇಪೆ ಹಿಡಿದು ಕೂತ ಅವರು ತಲೆಯೆತ್ತಿ ನೋಡಲೇ ಇಲ್ಲ.

ಅಂದಿನಿಂದ ಅವರು ಪಾನಾ, ಸುತ್ತಿಗೆ ಯಾವುದನ್ನೂ ಮುಟ್ಟಿಲ್ಲ. ಮನೆಯ ನಲ್ಲಿ ಸೋರಿದರೂ ಪ್ಲಂಬರ್‌ಗೆ ಫೋನ್ ಮಾಡು ಎನ್ನುತ್ತಾರೆ. ಎದುರು ನಿಂತು ನಿಜ ಹೇಳುವ ಕರೇಜ್ ನನಗಿನ್ನೂ ಬಂದಿಲ್ಲ. ಈ ಬರಹ ಅಚ್ಚಾದ ದಿನ, ಈ ಪುಟವೇ ಮೇಲಿರುವಂತೆ ಪೇಪರ್ ಮಡಚಿ ಅವರ ಚಹಾದ ಪಕ್ಕ ಇಟ್ಟು, ಅಡುಗೆಮನೆಗೆ ಹೋಗಿಬಿಡುತ್ತೇನೆ.