ಅಂಗಳದಲ್ಲಿ ಕಡಿದ ಗಾಳದ ನೂಲು

ಮಕ್ಕಳೇ, ನಾನು ದೈವಕ್ಕೆ ಕೈಮುಗಿಯುವವಳು. ಆದರೆ ಹಿರಿಯರು ಹೇಳುವ ಶಕುನ, ಕಟ್ಟುಕಟ್ಟಳೆಗಳನ್ನು ಮನಸ್ಸಿನೊಳಗೆ ನಂಬುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಅಷ್ಟೆ. ಒಂದು ಸಂಜೆ ನಡೆದದ್ದನ್ನು ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾವು ಕಡಲತಡಿಯ ಬೆಂಗ್ರೆಯಲ್ಲಿದ್ದೆವು. ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಿಮ್ಮ ಅಜ್ಜನೂ ಅವರ ತಮ್ಮನೂ ಭಾನುವಾರಗಳಲ್ಲಿ ಕಾಫಿ ಕಂಪೆನಿಯ ಇಂಗ್ಲಿಷ್ ದೊರೆಯೊಬ್ಬರನ್ನು ದೋಣಿಯಲ್ಲಿ ಆಳ ಕಡಲಿಗೆ ಕರೆದೊಯ್ಯುತ್ತಿದ್ದರು. ದೊರೆಗೆ ಕೇದರ ಮೀನಿನ ಹುಚ್ಚು. ಈಗ ಡಬ್ಬಿಯಲ್ಲಿ ಬರುವ ಟ್ಯೂನ ಇದೆಯಲ್ಲ, ಅದೇ. ತಿನ್ನಲಿಕ್ಕಲ್ಲ, ಮಾರಲಿಕ್ಕಲ್ಲ. ಕೋಲಿನ ಗಾಳಕ್ಕೆ ಸಿಕ್ಕಿದ ಮೀನನ್ನು ಬಹಳ ಹೊತ್ತು ಎಳೆದಾಡಿ ದಣಿಸುವುದೇ ಆಟ. ನೆರೆಮನೆಯ ಕಮಲಕ್ಕ, "ನಿನ್ನ ಗಂಡನ ದೊರೆ ಮೀನು ಹಿಡಿಲಿಕ್ಕೆ ಹೋಗುದಾ, ಆಡಿಸ್ಲಿಕ್ಕೆ ಹೋಗುದಾ ಮಾರಾಯ್ತಿ?" ಎಂದು ನಗುತ್ತಿದ್ದಳು.

ದೊರೆಯ ಗಾಳದ ನೂಲು ಉಪ್ಪುನೀರಿಗೆ ಬೇಗ ಕೊಳೆಯುವಂಥದ್ದು. ಪ್ರತಿ ಸಲ ಅದನ್ನು ಬಾವಿಯ ನೀರಿನಲ್ಲಿ ತೊಳೆದು, ನಮ್ಮ ಅಂಗಳದ ಎರಡು ತೆಂಗಿನ ಮರಗಳ ನಡುವೆ ಕಟ್ಟಿ ಒಣಗಿಸಬೇಕಿತ್ತು. ಆ ಭಾನುವಾರ ಒಂದು ನೂಲು ಕಡಲಿಗೆ ಹೋಗಿತ್ತು, ಅದೇ ಉಂಡೆಯ ಇನ್ನೊಂದು ತುಂಡು ಅಂಗಳದಲ್ಲಿತ್ತು. ಗಂಡಸರು ಕಡಲಿನಲ್ಲಿರುವಾಗ ಮನೆಯಲ್ಲಿ ಹಗ್ಗ, ನೂಲು ಯಾವುದನ್ನೂ ಕಡಿಯಬಾರದೆಂದು ನನ್ನ ಅತ್ತೆಯ ಕಟ್ಟಪ್ಪಣೆ.

ಮಧ್ಯಾಹ್ನ ಕಳೆದ ಮೇಲೆ ಪಡುವಣದಲ್ಲಿ ಮೋಡ ಕಪ್ಪಾಯಿತು. ನಾನು ಮೀನು ಕೊಯ್ಯುತ್ತಿದ್ದವಳು ಕತ್ತಿ ಹಿಡಿದೇ ನೂಲು ಬಿಚ್ಚಲು ಓಡಿದೆ. ಗಂಟಿನೊಳಗೆ ಬೆರಳು ತೂರಿಸಿದ್ದೇ ತಡ, ಜೋಲುಬಿದ್ದಿದ್ದ ನೂಲು ತಾನೇ ಬಿಗಿಯಿತು. ಗಾಳಿ ಇನ್ನೂ ಬಂದಿರಲಿಲ್ಲ. ಯಾರೋ ಆ ತುದಿಯಿಂದ ಎಳೆಯುತ್ತಿರುವ ಹಾಗೆ ನೂಲು ಗುಂಯ್‌ಗುಟ್ಟಿತು. ಬೆರಳು ನೀಲಿಗಟ್ಟಿತು. ನೋವು ತಾಳಲಾರದೆ ನೂಲನ್ನು ಕಡಿದುಬಿಟ್ಟೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಂತ ಮಾಡಿದೆ ಮಾರಾಯ್ತಿ! ಇಬ್ಬರು ಮಕ್ಕಳೂ ನೀರಿನ ಮೇಲೆ ಇದ್ದಾರಲ್ಲ!"

"ಬೆರಳು ಸಿಕ್ಕಿತು ಮಾಮಿ," ಎಂದೆ. ಅವರು ಬೈಯಲಿಲ್ಲ, ಹೊಸ್ತಿಲ ಮೇಲೆ ಕುಸಿದು ಕುಳಿತರು. ಬೈದಿದ್ದರೆ ಒಳ್ಳೆಯದಿತ್ತು. ಶಕುನ ನಂಬದ ನಾನೂ ಕತ್ತಿಯನ್ನು ಅಲ್ಲೇ ಬಿಸಾಡಿದೆ. ದಡಕ್ಕೆ ಹೋಗಿ ನಿಂತೆ. ಹೊತ್ತು ಇಳಿದರೂ ಕಡಲು ಖಾಲಿ. ಯಾವ ಮುಖ ಹೊತ್ತು ಮನೆಗೆ ಮರಳಲಿ ಎಂದು ಯೋಚಿಸುತ್ತಿದ್ದಾಗ, ಅಳಿವೆಯ ಹತ್ತಿರ ನಮ್ಮ ಹಾಯಿ ಕಂಡಿತು. ಅವರು ದಡ ಮುಟ್ಟಿ ದೋಣಿ ಎಳೆಯುತ್ತಿದ್ದಂತೆಯೇ ಗಾಳಿಮಳೆ ಬಂದು ಅಪ್ಪಳಿಸಿತು. ಆ ಮಳೆಯಲ್ಲಿ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ.

ಗಂಜಿಗೆ ಕುಳಿತಾಗ ನಿಮ್ಮ ಅಜ್ಜ ಹೇಳಿದರು: "ದೋಣಿಗಿಂತ ಭಾರದ ಕೇದರ, ಅಮ್ಮ. ನಮ್ಮನ್ನು ಪಡುವಣಕ್ಕೆ ಎಳ್ಕೊಂಡೇ ಹೋಯ್ತು. ದಡದ ಗುರುತಾದ ಕುದುರೆಮುಖದ ಬೆಟ್ಟವೂ ಕಾಣದಾಯ್ತು. ನೂಲು ಕಡಿಯುವಾ ಅಂದ್ರೆ ದೊರೆ ಬಿಡುದಿಲ್ಲ. ಮೋಡ ನೋಡಿ ನಾವಿಬ್ಬರೂ ಆಸೆ ಬಿಟ್ಟಿದ್ದೆವು. ಅಷ್ಟರಲ್ಲಿ ನೂಲು ತಾನೇ ಕಡಿದು ಹೋಯ್ತು. ನಾನೇ ಕಡಿದದ್ದು ಅಂತ ದೊರೆಗೆ ಸಿಟ್ಟು. ನನ್ನ ಕತ್ತಿ ಬುತ್ತಿಯ ಬುಟ್ಟಿಯೊಳಗೆ ಇತ್ತು, ಇವನನ್ನೇ ಕೇಳಿ."

ತಮ್ಮ ಹೌದೆಂದು ತಲೆಯಾಡಿಸಿದ.

ನಿಮ್ಮ ಅಜ್ಜ ಸೊಂಟದಿಂದ ಆ ನೂಲಿನ ತುದಿ ತೆಗೆದು ತೋರಿಸಿದರು. ಎಳೆತಕ್ಕೆ ಹರಿದ ನೂಲಿನ ಎಳೆಗಳು ಬಿಚ್ಚಿ ಉದ್ದಗಿಡ್ಡ ಇರುತ್ತವೆ. ಇದು ಒಂದೇ ಏಟಿಗೆ ಕೊಯ್ದ ಹಾಗೆ ಸಮನಾಗಿತ್ತು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ನನ್ನ ಬೆರಳು ನೋಡಿದರು.

"ತಾಟೆ ಕಡಿದಿರಬೇಕು," ಎಂದರು. ಶಾರ್ಕಿಗೆ ನಮ್ಮಲ್ಲಿ ತಾಟೆ ಎನ್ನುತ್ತಾರೆ.

ಇದ್ದರೂ ಇರಬಹುದು. ಮಳೆಗೆ ಮೊದಲಿನ ತೇವಕ್ಕೆ ಅಂಗಳದ ನೂಲು ಬಿಗಿಯುವುದೂ ಉಂಟು. ಎರಡನ್ನೂ ಎಷ್ಟೋ ವರ್ಷ ಯೋಚಿಸಿದ್ದೇನೆ, ಎರಡೂ ಒಂದೇ ಹೊತ್ತಿಗೆ ಆದದ್ದು ಹೇಗೆಂದು ಮಾತ್ರ ನನಗೆ ತಿಳಿಯಲಿಲ್ಲ. ಆ ಸಂಜೆ ಯೋಚಿಸಲು ಪುರುಸೊತ್ತೂ ಇರಲಿಲ್ಲ. ನಿಮ್ಮ ಅಜ್ಜ ಬಟ್ಟಲು ಮುಂದೆ ಚಾಚಿ, "ಇನ್ನು ಸ್ವಲ್ಪ ಹಾಕು, ಹಸಿವು ತಡೆಯುದಿಲ್ಲ," ಎಂದರು. ಮಡಕೆಯಲ್ಲಿದ್ದ ಗಂಜಿಯನ್ನೆಲ್ಲ ಅವರ ಬಟ್ಟಲಿಗೇ ಸುರಿದುಬಿಟ್ಟೆ.